ಕೊಲೆ ನಡೆದ ಮನೆಯಲ್ಲಿ ಮೊದಲು ಕೆಲಸದವರ ಮೇಲೇ ಅನುಮಾನ ಯಾಕೆ? (ನಮ್ಮೂರು ಹುಬ್ಬಳ್ಳಿ. ನೋಯ್ಡಾ ಜೋಡಿ ಕೊಲೆಯ ಡಾಕ್ಯುಮೆಂಟರಿ ನೋಡಿ ಕೇಳುತ್ತಿದ್ದೇನೆ)

ಅವರು ಮನೆಯೊಳಗೆ ಓಡಾಡುತ್ತಾರೆ, ಮತ್ತು ಅವರ ಪರ ಮಾತಾಡುವವರು ಯಾರೂ ಇರುವುದಿಲ್ಲ. ಮೊದಲನೆಯದನ್ನು ಪೊಲೀಸರು ನೋಡಲೇಬೇಕು. ಎರಡನೆಯದು ಅನ್ಯಾಯ.

ಅನುಮಾನ ಬೇಗ ಗಟ್ಟಿಯಾದರೆ ಹುಡುಕಾಟ ನಿಂತುಬಿಡುತ್ತದೆ. ನೋಯ್ಡಾದಲ್ಲಿ ಆಗಿದ್ದು ಇದೇ. 2008ರ ಮೇ 16ರಂದು ಆರುಷಿ ಎಂಬ ಹುಡುಗಿಯ ಶವ ಅವಳ ಮನೆಯಲ್ಲೇ ಸಿಕ್ಕಿತು. ಮನೆಗೆಲಸದವನು ಕಾಣಲಿಲ್ಲ, ಹಾಗಾಗಿ ಅವನೇ ಕೊಂದು ಓಡಿಹೋದ ಅಂದುಕೊಂಡರು. ತಾರಸಿಯ ಬಾಗಿಲಿಗೆ ಬೀಗ ಇತ್ತು, ಅವತ್ತು ಅದನ್ನು ತೆಗೆಸಲೇ ಇಲ್ಲ. ಮರುದಿನ ತೆಗೆದಾಗ ಅಲ್ಲಿ ಅವನದೇ ಶವ! ಅಷ್ಟರಲ್ಲಿ ಮನೆತುಂಬಾ ಜನ ಓಡಾಡಿ ಸಾಕ್ಷ್ಯ ಹಾಳಾಗಿತ್ತು. ಸತ್ತವನನ್ನೇ ಒಂದು ದಿನ ಕೊಲೆಗಾರ ಅಂತ ಕರೆದರು ಅನ್ನೋದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಆಮೇಲೆ ಬೇರೆ ಮೂವರು ಕೆಲಸದವರನ್ನು ಹಿಡಿದರು, ನಂತರ ಬಿಟ್ಟು ಕಳಿಸಿದರು. 2013ರಲ್ಲಿ ಹುಡುಗಿಯ ತಂದೆತಾಯಿಗೆ ಶಿಕ್ಷೆಯಾಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನೂ ಬಿಡುಗಡೆ ಮಾಡಿತು. ಕೊಂದವರು ಯಾರು ಅಂತ ಇನ್ನೂ ಸಾಬೀತಾಗಿಲ್ಲ.

ನೀವು ಹುಬ್ಬಳ್ಳಿಯವರು ಅಂದಿದ್ದೀರಿ. ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಮನೆಗೆಲಸಕ್ಕೆ ಹೋಗುವವರಿಗೆ ಇದನ್ನು ದಯವಿಟ್ಟು ತಿಳಿಸಿ. ಪೊಲೀಸರ ಮುಂದೆ 'ನಾನೇ ಮಾಡಿದೆ' ಅಂದರೂ ಆ ಒಂದು ಮಾತಿನ ಮೇಲೆ ಕೋರ್ಟ್ ಶಿಕ್ಷೆ ಕೊಡುವಂತಿಲ್ಲ. ಬಂಧನದಲ್ಲಿರುವ ಯಾರಿಗಾದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕು. ಬಂಧನದಲ್ಲಿರುವವರ ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಬಹುದು.