ಪ್ರತಿಕ್ರಿಯೆ: 1858ರ ನಂತರದ ಸುರಪುರದ ಆಡಳಿತ

1857-58ರ ಬಂಡಾಯದ ನಂತರ ಬ್ರಿಟಿಷರು ವಶಪಡಿಸಿಕೊಂಡ ಸುರಪುರ ಸಂಸ್ಥಾನದಲ್ಲಿ ಅವರದೇ ನೇರ ಆಡಳಿತ ಇತ್ತೇ, ಇದ್ದರೆ ಅದು ನಿಜಾಮರ ಪಾಲಾದದ್ದೇಕೆ ಎಂದು ತಾವು ಕೇಳಿದ್ದೀರಿ. ನಮ್ಮ ಯಾದಗಿರಿ ಜಿಲ್ಲೆಯ ಬಹಳ ಮಂದಿಗೂ ಇದು ಸ್ಪಷ್ಟವಿಲ್ಲ.

ನೇರ ಆಡಳಿತ ಇತ್ತು, ಆದರೆ 1860ರವರೆಗೆ ಮಾತ್ರ. ಅದಕ್ಕಾಗಿ ಅವರು ಹೊಸಬರನ್ನು ಹುಡುಕಲಿಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ, 1841ರಿಂದ 1853ರವರೆಗೆ, ಅವರ ಹೆಸರಿನಲ್ಲಿ ಸಂಸ್ಥಾನದ ಕಂದಾಯ, ಸಾಲ, ನ್ಯಾಯ ಎಲ್ಲವನ್ನೂ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರನ್ನೇ ಕಮಿಷನರ್ ಆಗಿ ಮತ್ತೆ ಕಳುಹಿಸಿದರು. ಊರೂರಿನ ಗೌಡ, ಕುಲಕರ್ಣಿಗಳನ್ನು ಬಲ್ಲ ಅಧಿಕಾರಿಯಿಲ್ಲದೆ ಕಂದಾಯ ವಸೂಲಿ ಸಾಧ್ಯವಿರಲಿಲ್ಲವಾದ್ದರಿಂದ, ನನ್ನ ದೃಷ್ಟಿಯಲ್ಲಿ ಸುರಪುರವನ್ನು ಹಿಡಿತಕ್ಕೆ ತಂದದ್ದು 1858ರ ಸೈನ್ಯಕ್ಕಿಂತ ಹೆಚ್ಚಾಗಿ ಆ ಹನ್ನೆರಡು ವರ್ಷಗಳ ಮೇಲ್ವಿಚಾರಣೆಯೇ.

ನಿಜಾಮರಿಗೆ ಹೋದದ್ದಕ್ಕೆ ಕಾರಣ ಹೈದರಾಬಾದಿನ ರಾಜಕೀಯ. ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಕಂಟಿಂಜೆಂಟ್ ಸೈನ್ಯದ ಬಾಕಿಗಾಗಿ 1853ರಲ್ಲಿ ಬೇರಾರ್ (ಇಂದಿನ ವಿದರ್ಭದ ಭಾಗ), ರಾಯಚೂರು ದೋಆಬ್ (ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಪ್ರದೇಶ) ಮತ್ತು ನಳದುರ್ಗದ ಸೀಮೆಗಳನ್ನು ಬ್ರಿಟಿಷರು ನಿಜಾಮರಿಂದ ವಹಿಸಿಕೊಂಡಿದ್ದರು. ಬಂಡಾಯದಲ್ಲಿ ನಿಜಾಮರು ಬ್ರಿಟಿಷರ ಪಕ್ಷದಲ್ಲೇ ನಿಂತದ್ದಕ್ಕೆ ಪ್ರತಿಯಾಗಿ 1860ರ ಒಪ್ಪಂದದಲ್ಲಿ ಬೇರಾರನ್ನು ಉಳಿಸಿಕೊಂಡು ಉಳಿದೆರಡನ್ನು ಮರಳಿಸಿದರು, ಜೊತೆಗೆ ಸುರಪುರವನ್ನೂ ಕೊಟ್ಟರು. ಇಲ್ಲಿಯ ಜನರನ್ನಾಗಲಿ, ರಾಜಮನೆತನವನ್ನಾಗಲಿ ಲೆಕ್ಕಕ್ಕೆ ಹಿಡಿಯದೆ ಒಂದು ಸಂಸ್ಥಾನವನ್ನೇ ಬಹುಮಾನವಾಗಿ ಕೊಟ್ಟದ್ದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.