ಮಾರ್ಚ್ 7 ಜುಲೈ 3 ಆದದ್ದು ಹೇಗೆ?

ಪ್ರಶ್ನೆ: ನಾಪೋಕ್ಲು ಸಮೀಪದ ನಮ್ಮ ತೋಟದಲ್ಲಿ ಹಳೆಯ ಹೆಂಚಿನ ಮನೆಯ ದುರಸ್ತಿ, ಎರಡು ಲೈನ್ ಮನೆ (ಕೂಲಿಕಾರರ ಸಾಲುಮನೆ) ಮತ್ತು ಕಾಫಿ ಒಣಗಿಸುವ ಕಣದ ಕೆಲಸ ಹಿಡಿದಿದ್ದೇವೆ. ಗುತ್ತಿಗೆದಾರರು 140 ಸಾಲುಗಳ ಎಕ್ಸೆಲ್ ಪಟ್ಟಿ ಕೊಟ್ಟಿದ್ದಾರೆ. ಕೆಲಸದ ಹೆಸರು, ಆರಂಭ, ಮುಕ್ತಾಯ, ಅಷ್ಟೇ ಅದರಲ್ಲಿರುವುದು. ವೇಳಾಪಟ್ಟಿ ಹಾಕುವ ತಂತ್ರಾಂಶ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ಗೆ ಇಂಪೋರ್ಟ್ ಮಾಡಿದರೆ ಹೆಂಚು ಇಳಿಸುವ ಕೆಲಸ ಮಾರ್ಚ್ ಬಿಟ್ಟು ಜುಲೈಗೆ ಹೋಗಿ ಕೂರುತ್ತದೆ. ಕೆಲವು ಸಾಲುಗಳಿಗೆ ತಪ್ಪೆಂಬ ಸೂಚನೆ ಬರುತ್ತದೆ. ಒಂದು ಕೆಲಸ ತಡವಾಯಿತೆಂದು ತಿದ್ದಿದರೆ ಮುಂದಿನ ಯಾವುದೂ ಕದಲುವುದಿಲ್ಲ. ಅರೇಬಿಕಾ ಕೊಯ್ಲಿನೊಳಗೆ ಕಣ ಸಿದ್ಧವಾಗಲೇಬೇಕು. ಏನು ಮಾಡಲಿ ಮೇಡಂ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಜಡಿಮಳೆಯ ಜುಲೈನಲ್ಲಿ ಕೊಡಗಿನ ನಾಪೋಕ್ಲಿನ ಮನೆಯೊಂದರ ಹೆಂಚು ಇಳಿಸುವುದೆಂದರೆ ಏನೆಂದು ಕುಶಾಲನಗರದಲ್ಲಿರುವ ನನಗೂ ಗೊತ್ತು. ಕಾಗದದ ಮೇಲಿದ್ದರೂ ಎದೆ ಝಲ್ಲೆನ್ನುತ್ತದೆ. ಮೊದಲು ಅದನ್ನೇ ನೋಡೋಣ.

ನಿಮ್ಮ ಗುತ್ತಿಗೆದಾರರು 07/03/2025 ಎಂದು ಬರೆದಿರುತ್ತಾರೆ. ಅವರ ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿದ್ದರೆ ಎಕ್ಸೆಲ್ ತಿಂಗಳನ್ನು ಮೊದಲು ಓದುತ್ತದೆ. ಮಾರ್ಚ್ 7 ಅಲ್ಲಿಯೇ ಜುಲೈ 3 ಆಗುತ್ತದೆ. 25/03/2025 ಎಂಬುದನ್ನು ಮಾತ್ರ ಅದು ಹಾಗೆ ಓದಲಾರದು, 25ನೇ ತಿಂಗಳು ಇಲ್ಲವಲ್ಲ! ಅದನ್ನು ಬರಿಯ ಅಕ್ಷರಗಳೆಂದು ಬಿಟ್ಟುಬಿಡುತ್ತದೆ. ನಿಮಗೆ ತಪ್ಪಿನ ಸೂಚನೆ ಬರುತ್ತಿರುವುದು ಇಂಥ ಸಾಲುಗಳಿಗೇ. ಅವು ಕೂಗಿ ಹೇಳುತ್ತವೆ, ಸರಿಪಡಿಸಬಹುದು. ಸದ್ದಿಲ್ಲದೆ ತಿರುಗಿಬಿದ್ದ 1ರಿಂದ 12ರವರೆಗಿನ ತಾರೀಖುಗಳೇ ಅಪಾಯ.

ಪತ್ತೆ ಮಾಡುವುದು ಸುಲಭ. ದಿನಾಂಕದ ಕಾಲಮ್ಮನ್ನು ಆರಿಸಿ, ಅದರ ಸ್ವರೂಪವನ್ನು ‘ಜನರಲ್’ ಮಾಡಿ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. 2025ರ ಮಾರ್ಚ್ 7 ಎಂದರೆ 45723, ಜುಲೈ 3 ಎಂದರೆ 45841. ಹೆಂಚಿನ ಸಾಲಿನಲ್ಲಿ 45841 ಕಂಡರೆ 118 ದಿನ ಎಲ್ಲಿ ಸೇರಿಕೊಂಡವೆಂದು ತಿಳಿಯಿತು. 25/03/2025 ಎಂದೇ ಉಳಿದ ಸಾಲುಗಳು ಅಕ್ಷರಗಳು.

ಆದರೆ ಇದನ್ನೆಲ್ಲ ತಿದ್ದಿ ಮತ್ತೆ ಇಂಪೋರ್ಟ್ ಮಾಡಿ ಎಂದು ನಾನು ಹೇಳುವುದಿಲ್ಲ. ದಿನಾಂಕಗಳನ್ನು ಇಂಪೋರ್ಟ್ ಮಾಡಲೇಬೇಡಿ. ಇಪ್ಪತ್ತು ವರ್ಷ ಕಟ್ಟಡ ಕೆಲಸಗಳ ವೇಳಾಪಟ್ಟಿ ಬರೆದವಳಾಗಿ ಇದನ್ನು ಒತ್ತಿ ಹೇಳುತ್ತೇನೆ. ಆರಂಭದ ದಿನಾಂಕ ಕೊಟ್ಟರೆ ಪ್ರಾಜೆಕ್ಟ್ ಅದನ್ನು ಕಟ್ಟುಪಾಡು ಎಂದು ತಿಳಿಯುತ್ತದೆ. ‘ಇದಕ್ಕಿಂತ ಮೊದಲು ಶುರುವಾಗಬಾರದು’ ಎಂಬ ಮೊಳೆ ಪ್ರತಿ ಸಾಲಿಗೂ ಬೀಳುತ್ತದೆ. ಮುಂದಿನ ಕೆಲಸಕ್ಕೂ ಹಿಂದಿನದಕ್ಕೂ ನಂಟೇ ಇಲ್ಲದಿರುವಾಗ, ಅಡಿಪಾಯ ಹತ್ತು ದಿನ ತಡವಾದರೂ ಗೋಡೆ ತನ್ನ ತಾರೀಖಿನಲ್ಲೇ ನಿಂತಿರುತ್ತದೆ. ನಿಮ್ಮ ಪಟ್ಟಿ ಕದಲದಿರುವುದು ಇದಕ್ಕೇ. ತಂತ್ರಾಂಶ ಲೆಕ್ಕ ಹಾಕಬೇಕಾದ ಉತ್ತರವನ್ನು ನಾವೇ ಬರೆದುಕೊಟ್ಟರೆ ಅದಕ್ಕೆ ಮಾಡಲು ಏನು ಉಳಿಯಿತು?

ಗುತ್ತಿಗೆದಾರರನ್ನು, ಸಾಧ್ಯವಾದರೆ ಮೇಸ್ತ್ರಿಯನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಹೊಸ ಪಟ್ಟಿ ಮಾಡಿ. ಕೆಲಸದ ಹೆಸರು, ಎಷ್ಟು ದಿನ, ಯಾವ ಕೆಲಸ ಮುಗಿದ ಮೇಲೆ, ಯಾವ ಮಟ್ಟ ಎಂಬ ನಾಲ್ಕು ಕಾಲಮ್ ಸಾಕು. ಐದು ದಿನ ಎಂಬುದನ್ನು ‘5d’ ಎಂದೇ ಬರೆಯಿರಿ. ‘ಮಟ್ಟ’ ಎಂದರೆ ಔಟ್‌ಲೈನ್ ಲೆವೆಲ್: ‘ಕಣ’ ಎಂಬ ತಲೆಬರಹಕ್ಕೆ 1, ಅದರ ಅಡಿಯ ಕೆಲಸಗಳಿಗೆ 2. ಎಕ್ಸೆಲ್‌ನಲ್ಲಿ ಜಾಗ ಬಿಟ್ಟು ಒಳಗೆ ಸರಿಸಿ ಬರೆದರೆ ಆ ರಚನೆ ಬರುವುದಿಲ್ಲ.

ಮೂರನೆಯ ಕಾಲಮ್ಮೇ ಇಡೀ ಕೆಲಸದ ಜೀವ. ಕಣಕ್ಕೆ ಕಾಂಕ್ರೀಟ್ ಹಾಕುವುದು 12ನೇ ಕೆಲಸ, ನೀರುಣಿಸಲು ಏಳು ದಿನ ಬೇಕು ಎನ್ನೋಣ. ಮುಂದಿನ ಕೆಲಸದ ಎದುರು 12FS+7ed ಎಂದು ಬರೆಯಿರಿ. FS ಎಂದರೆ ಹಿಂದಿನದು ಮುಗಿದ ಮೇಲೆ ಮುಂದಿನದು ಶುರು. ಇಲ್ಲಿ ‘d’ ಅಲ್ಲ, ‘ed’. ಭಾನುವಾರ ಕೆಲಸಗಾರರು ಬರದಿದ್ದರೂ ಕಾಂಕ್ರೀಟ್ ಗಟ್ಟಿಯಾಗುತ್ತಲೇ ಇರುತ್ತದೆ. ‘ed’ ಎಂದರೆ ರಜೆಯನ್ನೂ ಸೇರಿಸಿ ಎಣಿಸುತ್ತದೆ. ಈ ಕಾಲಮ್ಮಿಗೆ ಮೊದಲೇ ‘ಟೆಕ್ಸ್ಟ್’ ಸ್ವರೂಪ ಕೊಟ್ಟಿರಿ. ಇಲ್ಲವಾದರೆ 12 ಮತ್ತು 104ನೇ ಕೆಲಸಗಳೆಂದು 12,104 ಎಂದು ಬರೆದದ್ದನ್ನು ಎಕ್ಸೆಲ್ ಹನ್ನೆರಡು ಸಾವಿರದ ನೂರ ನಾಲ್ಕು ಮಾಡಿಬಿಡುತ್ತದೆ.

ಈ ಸಂಖ್ಯೆಗಳು ಪ್ರಾಜೆಕ್ಟ್‌ನಲ್ಲಿ ಕೆಲಸ ನಿಲ್ಲುವ ಸಾಲಿನ ಸಂಖ್ಯೆಗಳು. ಎಕ್ಸೆಲ್‌ನಲ್ಲಿ ಶೀರ್ಷಿಕೆ ಮೊದಲ ಸಾಲಿನಲ್ಲಿ ಇರುವುದರಿಂದ ಎಡ ಅಂಚಿನ ಸಂಖ್ಯೆ ಒಂದು ಹೆಚ್ಚು ತೋರಿಸುತ್ತದೆ. ಸೋಮವಾರಪೇಟೆ ಕಡೆಯ ಗೋದಾಮೊಂದರ ಪಟ್ಟಿಯಲ್ಲಿ ನಾನು ಅಂಚಿನ ಸಂಖ್ಯೆಯನ್ನೇ ಬರೆದಿದ್ದೆ. ಎಲ್ಲ ನಂಟೂ ಒಂದೊಂದು ಸಾಲು ಕೆಳಗೆ ಜಾರಿತು. ಹತ್ತು ದಿನ ಆ ಪಟ್ಟಿಯನ್ನೇ ನಂಬಿ ಸಾಮಗ್ರಿ ತರಿಸಿದ್ದೆವು. ಇಂದಿಗೂ ಅದು ಮನಸ್ಸಿನಲ್ಲಿದೆ. ಕ್ರಮಸಂಖ್ಯೆಯ ಕಾಲಮ್ಮೊಂದನ್ನು ನೀವೇ ಹಾಕಿಕೊಳ್ಳಿ, ಖಾಲಿ ಸಾಲು ಮತ್ತು ವಿಲೀನಗೊಳಿಸಿದ ಕೋಶ ಒಂದನ್ನೂ ಉಳಿಸಬೇಡಿ.

ಇಂಪೋರ್ಟ್ ಮಾಡುವ ಮೊದಲು ಪಂಚಾಂಗ, ಅಂದರೆ ಕೆಲಸದ ದಿನ ಮತ್ತು ರಜೆಗಳ ಪಟ್ಟಿ, ಸರಿಮಾಡಬೇಕು. ಎಕ್ಸೆಲ್‌ನಿಂದ ಅದು ಬರುವುದಿಲ್ಲ. ಪ್ರಾಜೆಕ್ಟ್ ತಾನಾಗಿ ವಾರಕ್ಕೆ ಐದೇ ದಿನ ಎಂದುಕೊಂಡಿರುತ್ತದೆ. ತೋಟದ ಕೆಲಸ ಶನಿವಾರವೂ ಇದೆ. ಮೂವತ್ತು ದಿನದ ಗಾರೆ ಕೆಲಸ ಐದು ವಾರದ ಬದಲು ಆರು ವಾರ ತೋರಿಸಿದರೆ ಅಚ್ಚರಿ ಬೇಡ. ‘ಚೇಂಜ್ ವರ್ಕಿಂಗ್ ಟೈಮ್’ನಲ್ಲಿ ಶನಿವಾರವನ್ನು ಕೆಲಸದ ದಿನ ಮಾಡಿ, ಆಯ್ಕೆಗಳಲ್ಲಿ ವಾರದ 40 ಗಂಟೆಯನ್ನು 48 ಮಾಡಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಮೂರನ್ನೂ ರಜೆಯಾಗಿ ಸೇರಿಸಿ. ಪುತ್ತರಿಗೆ ನಿಮ್ಮ ಊರಿನಲ್ಲಿ ಕೆಲಸ ಎಷ್ಟು ದಿನ ನಿಲ್ಲುತ್ತದೋ ಅಷ್ಟನ್ನೂ. ಜೊತೆಗೆ ಇನ್ನೊಂದು ಪಂಚಾಂಗ ಮಾಡಿ, ‘ಬಯಲಿನ ಕೆಲಸ’ ಎಂದು ಹೆಸರಿಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಬಿಡಿ. ಹೆಂಚು, ಅಡಿಪಾಯ, ಕಣಕ್ಕೆ ಮಾತ್ರ ಇದನ್ನು ಕೊಡಿ. ಬಡಗಿಯ ಕೆಲಸ, ವಿದ್ಯುತ್ ತಂತಿ ಎಳೆಯುವುದು ಮಳೆಯಲ್ಲೂ ನಡೆಯಲಿ.

ಉಳಿದದ್ದು ಸಲೀಸು. ಆ ಪಂಚಾಂಗಗಳಿರುವ ಕಡತದಿಂದಲೇ ಎಕ್ಸೆಲ್ ಕಡತ ತೆರೆಯಿರಿ, ಹೊಸ ಮ್ಯಾಪ್ (ಯಾವ ಕಾಲಮ್ ಎಲ್ಲಿಗೆ ಎಂಬ ಹೊಂದಾಣಿಕೆ) ಆರಿಸಿ, ‘ಅಪೆಂಡ್’ (ಇರುವ ಕಡತಕ್ಕೇ ಸೇರಿಸು) ಎನ್ನಿ. ‘ಹೊಸ ಪ್ರಾಜೆಕ್ಟ್’ ಎಂದರೆ ನೀವು ತಿದ್ದಿದ ಪಂಚಾಂಗ ಹೊರಗೇ ಉಳಿಯುತ್ತದೆ. ಟಾಸ್ಕ್ ಆರಿಸಿ, ಶೀರ್ಷಿಕೆ ಇದೆ ಎಂಬ ಗುರುತು ಹಾಕಿ, ಒಂದೊಂದು ಕಾಲಮ್ಮಿಗೂ ಸರಿಯಾದ ಫೀಲ್ಡ್ ಹೊಂದಿಸಿ. ಬಂದ ಮೇಲೆ ಎಲ್ಲವನ್ನೂ ಆರಿಸಿ ‘ಆಟೋ ಶೆಡ್ಯೂಲ್’ ಒತ್ತಿ. 2010ರ ಆವೃತ್ತಿಯಿಂದ ಹೊಸ ಕೆಲಸಗಳು ಕೈಯಾರೆ ನಿಗದಿ ಮಾಡುವ ಸ್ಥಿತಿಯಲ್ಲೇ ಬರುತ್ತವೆ. ಹಾಗೆ ಬಿಟ್ಟರೆ ನಂಟು ಬರೆದೂ ಪಟ್ಟಿ ಕದಲದು.

ಕೊನೆಗೆ ಅಡಿಪಾಯಕ್ಕೆ ಹತ್ತು ದಿನ ಸೇರಿಸಿ ನೋಡಿ. ಕಣ ಮುಗಿಯುವ ತಾರೀಖು ಆಗ ನವೆಂಬರ್ ದಾಟಿದರೆ, ಲೈನ್ ಮನೆಗಳಲ್ಲೊಂದನ್ನು ಮುಂದಿನ ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ನಂತರಕ್ಕೆ ಸರಿಸುವ ಮಾತನ್ನು ಗುತ್ತಿಗೆದಾರರ ಬಳಿ ಈಗಲೇ ತೆಗೆಯಿರಿ. ಹಣ್ಣು ಕೊಯ್ಯುವ ಹೊತ್ತಿಗೆ ನಿಮಗೂ ಅವರಿಗೂ ಆಳು ಸಿಗುವುದಿಲ್ಲ.