ವಯಸ್ಸಾದ ನಾಯಿಗೆ ನೋವಿನ ಮಾತ್ರೆ: ಏನು ಕಂಡರೆ ನಿಲ್ಲಿಸಬೇಕು?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಟಾಮಿಗೆ 11 ವರ್ಷ. ಹಿಂಗಾಲು ಹಿಡಿದುಕೊಂಡು ಏಳೋಕೆ ಒದ್ದಾಡುತ್ತಿದ್ದ. ಡಾಕ್ಟರ್ ಮೆಲಾಕ್ಸಿಕ್ಯಾಮ್ ಬರೆದುಕೊಟ್ಟರು. ಮೊದಲ ವಾರ ಚೆನ್ನಾಗಿ ಓಡಾಡಿದ. ಈಗ ಮೂರು ದಿನದಿಂದ ಊಟ ಮುಟ್ಟುತ್ತಿಲ್ಲ, ನಿನ್ನೆ ಎರಡು ಸಲ ವಾಂತಿ ಮಾಡಿದ. ಬಿಸಿಲಿಗೆ ಹೀಗಾಗಿದೆ, ವಯಸ್ಸೂ ಆಯ್ತಲ್ಲ ಅಂತ ಮನೆಯವರು ಹೇಳುತ್ತಾರೆ. ಮಾತ್ರೆ ನಿಲ್ಲಿಸಿದರೆ ನೋವು ಮತ್ತೆ ಬರುತ್ತದೆ ಅನ್ನೋ ಭಯ ನನಗೆ. ಏನು ಮಾಡಲಿ?
– ಸಿಂಧನೂರಿನ ಓದುಗರು

ಉತ್ತರ: ಇವತ್ತಿನ ಮಾತ್ರೆ ಕೊಡಬೇಡಿ. ಇವತ್ತೇ ಟಾಮಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತೊಂದರೆಯಿಲ್ಲ. ಕಾಲುನೋವಿಗೆ ಬೇರೆ ದಾರಿ ಹುಡುಕಬಹುದು. ಹೊಟ್ಟೆಯಲ್ಲಿ ಹುಣ್ಣಾಗಿ ಅದು ತೂತು ಬಿದ್ದರೆ ನಾಯಿಯನ್ನು ಉಳಿಸಿಕೊಳ್ಳೋದೇ ಕಷ್ಟ.

ಈ ಮಾತ್ರೆಗಳು ನೋವು ಕಡಿಮೆ ಮಾಡುವುದು ಪ್ರೊಸ್ಟಗ್ಲಾಂಡಿನ್ ಅನ್ನೋ ವಸ್ತುವನ್ನು ತಡೆದು. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಅದೇ ವಸ್ತು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಹಾಗಾಗಿ ಪೆಟ್ಟು ಬಿದ್ದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಬೀಳುತ್ತದೆ. ನಮ್ಮ ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಾ ನಾಯಿ ಎಷ್ಟೋ ನೀರು ಕಳೆದುಕೊಳ್ಳುತ್ತದೆ. ಮೇಲೆ ವಾಂತಿ ಬೇರೆ, ಊಟವೂ ಇಲ್ಲ. ಅಂಥ ಹೊತ್ತಲ್ಲಿ ಮಾತ್ರೆ ಮುಂದುವರಿಸಿದರೆ ಕಿಡ್ನಿ ತಡೆದುಕೊಳ್ಳುವುದಿಲ್ಲ. ಬಿಸಿಲಿಗೆ ಹೀಗಾಗಿದೆ ಅಂತ ಮನೆಯವರು ಹೇಳಿದ್ದು ನಿಜವೇ ಆಗಿದ್ದರೂ ಮಾತ್ರೆ ನಿಲ್ಲಿಸಲೇಬೇಕು.

ಮೊದಲು ಮಲ ನೋಡಿ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಒಳಗೆ ರಕ್ತ ಹೋಗುತ್ತಿದೆ ಅಂತಲೇ ಲೆಕ್ಕ. ಕುರಿ ಲಿವರ್ ಹಾಕಿದ್ದರೆ, ಕಬ್ಬಿಣದ ಟಾನಿಕ್ ಕೊಟ್ಟಿದ್ದರೆ ಕೂಡ ಮಲ ಕಪ್ಪಾಗುತ್ತದೆ. ಅನುಮಾನ ಇದ್ದರೆ ಸ್ವಲ್ಪ ಮಲವನ್ನು ಬಿಳಿ ಕಾಗದದ ಮೇಲಿಟ್ಟು ನೀರು ಹನಿಸಿ. ಅಂಚಿಗೆ ಕೆಂಪು ಬಣ್ಣ ಹರಡಿದರೆ ರಕ್ತ ಇರಬಹುದು. ಬಣ್ಣ ಹರಡಲಿಲ್ಲ ಅಂತ ಸುಮ್ನೆ ಕೂರಬೇಡಿ, ಆ ಮಲವನ್ನೇ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಡಾಕ್ಟರ್‌ಗೆ ತೋರಿಸಿ. ವಾಂತಿಯಲ್ಲಿ ಕಾಫಿ ಪುಡಿಯಂಥ ಕಂದು ಚೂರು ಕಂಡರೂ ಅದು ರಕ್ತವೇ.

ಆಮೇಲೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಹಳದಿಯಾಗಿದ್ದರೆ ಲಿವರ್‌ಗೆ ತೊಂದರೆ ಆಗಿರಬಹುದು. ಒಸಡೇ ಕಪ್ಪಗಿರುವ ನಾಯಿಗಳಲ್ಲಿ ಕೆಳ ರೆಪ್ಪೆಯ ಒಳಭಾಗ ನೋಡಿ. ಲಿವರ್ ತೊಂದರೆ ಹೆಚ್ಚಾಗಿ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲೇ ಕಾಣಿಸುತ್ತದೆ. ಅದಕ್ಕೇ ಆ ದಿನಗಳಲ್ಲಿ ಕಣ್ಣಿಟ್ಟಿರಬೇಕು.

ನೀರು ಜಾಸ್ತಿ ಕುಡಿಯುವುದು, ಮನೆಯೊಳಗೇ ಮೂತ್ರ ಮಾಡುವುದು ಕಿಡ್ನಿಯ ಸೂಚನೆ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ. 'ವಯಸ್ಸಾಯ್ತು ಬಿಡಿ' ಅಂತ ಒಂದೇ ಮಾತಿನಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ತಳ್ಳಿಹಾಕುತ್ತಾರೆ. ನಿನ್ನೆವರೆಗೆ ಇಲ್ಲದ್ದು ಮಾತ್ರೆ ಶುರುವಾದ ಮೇಲೆ ಬಂದಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ. ಹೊಟ್ಟೆ ಮುಟ್ಟಿದರೆ ಗುರ್ ಅನ್ನುವುದು, ಕುಸಿದು ಬೀಳುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಯಾವುದಾದರೂ ಆದರೆ ರಾತ್ರಿಯಾಗಿದ್ದರೂ ಹೊರಡಿ.

ಗ್ಯಾಸ್ ಮಾತ್ರೆ ಕೊಟ್ಟು ವಾಂತಿ ನಿಲ್ಲಿಸಿ ನೋವಿನ ಮಾತ್ರೆ ಮುಂದುವರಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ಹುಣ್ಣು ಬೆಳೆಯುತ್ತಲೇ ಇರಬಹುದು, ನಿಮಗೆ ಗೊತ್ತಾಗುವುದಿಲ್ಲ.

ಟಾಮಿಗೆ ರಕ್ತ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಶ), ಲಿವರ್ ಎನ್ಜೈಮ್, ರಕ್ತದ ಪ್ರಮಾಣ ನೋಡಬೇಕು. ಜೊತೆಗೆ ಮೂತ್ರ ಪರೀಕ್ಷೆಯನ್ನೂ ಕೇಳಿ. ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಭಾಗ ಹೋಗುವವರೆಗೆ ಕ್ರಿಯಾಟಿನಿನ್ ಏರದೇ ಇರಬಹುದು. ನಿಜ ಹೇಳಬೇಕೆಂದರೆ ಈ ಪರೀಕ್ಷೆ ಮಾತ್ರೆ ಶುರು ಮಾಡುವ ಮೊದಲೇ ಆಗಬೇಕಿತ್ತು. ಮುಂದೆ ಇಂಥ ಯಾವುದೇ ನೋವಿನ ಮಾತ್ರೆ ಶುರು ಮಾಡಿದರೂ ಎರಡರಿಂದ ನಾಲ್ಕು ವಾರದೊಳಗೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಮಾಡಿಸಿ.

ಪ್ರಶ್ನೆ: ಅಪ್ಪನಿಗೆ ಮೊಣಕಾಲು ನೋವಿಗೆ ಕೊಟ್ಟ ಮಾತ್ರೆ ಮನೆಯಲ್ಲಿದೆ. ಅದೂ ಮೆಲಾಕ್ಸಿಕ್ಯಾಮ್ ಅಂತ ಮೆಡಿಕಲ್ ಶಾಪ್‌ನವರು ಹೇಳಿದರು. ನಾಯಿಗೆ ಅರ್ಧ ಕೊಡಬಹುದಾ?
– ಬಳ್ಳಾರಿಯ ಓದುಗರು

ಉತ್ತರ: ಕೊಡಬೇಡಿ. ನಾಯಿಗೆ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೆ 0.1 ಮಿಲಿಗ್ರಾಂ ಸಾಮಾನ್ಯ ಲೆಕ್ಕ. 30 ಕೆಜಿ ನಾಯಿಗೆ ದಿನಕ್ಕೆ 3 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ ಇರುತ್ತದೆ. 15ರದ್ದನ್ನು ಅರ್ಧ ಮಾಡಿದರೂ ಬೇಕಾದ್ದರ ಎರಡೂವರೆ ಪಟ್ಟಾಯಿತು. 10 ಕೆಜಿ ನಾಯಿಗಾದರೆ ಏಳೂವರೆ ಪಟ್ಟು!

ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂತೂ ಮುಟ್ಟಲೇಬೇಡಿ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಸಿಟಮಾಲ್ ಕೂಡ ಇದೆ. (ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲಿ ಪ್ರಾಣಿಗಳಿಗೆ ಕೊಡುವ ಡೈಕ್ಲೋಫೆನಾಕನ್ನೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ.) ಅಪ್ಪ ಮೊಣಕಾಲಿಗೆ ನೋವಿನ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ನಾಯಿ ಅದನ್ನು ನೆಕ್ಕದಂತೆ ನೋಡಿಕೊಳ್ಳಿ. ಇದು ಯಾರಿಗೂ ಹೊಳೆಯುವುದೇ ಇಲ್ಲ.

ಪ್ರಶ್ನೆ: ನಮ್ಮ ನಾಯಿ ಕಾರ್ಪ್ರೊಫೆನ್ ತೆಗೆದುಕೊಳ್ಳುತ್ತಿದೆ. ಚೆನ್ನಾಗಿಯೇ ಇದೆ. ಈಗ ತುರಿಕೆಗೆ ಬೇರೆ ಡಾಕ್ಟರ್ ಪ್ರೆಡ್ನಿಸೊಲೋನ್ ಬರೆದಿದ್ದಾರೆ. ಎರಡೂ ಒಟ್ಟಿಗೆ ಆಗುತ್ತಾ?
– ಕೊಪ್ಪಳದ ಓದುಗರು

ಉತ್ತರ: ಆಗುವುದಿಲ್ಲ. ಪ್ರೆಡ್ನಿಸೊಲೋನ್ ಸ್ಟೆರಾಯ್ಡ್. ಎರಡೂ ಸೇರಿದರೆ ಹೊಟ್ಟೆಹುಣ್ಣಿನ ಅಪಾಯ ಬಹಳ ಹೆಚ್ಚುತ್ತದೆ. ಒಂದನ್ನು ನಿಲ್ಲಿಸಿ ಇನ್ನೊಂದು ಶುರು ಮಾಡುವ ನಡುವೆ ಸಾಮಾನ್ಯವಾಗಿ 5ರಿಂದ 7 ದಿನ ಬಿಡುತ್ತಾರೆ. ನೀವು ಸ್ಟೆರಾಯ್ಡ್ ಆಗಲೇ ಕೊಡುತ್ತಿದ್ದರೆ ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಕಾರ್ಪ್ರೊಫೆನ್ ತಡೆದು, ಡಾಕ್ಟರ್‌ಗೆ ಫೋನ್ ಮಾಡಿ. ಎರಡನೇ ಡಾಕ್ಟರ್‌ಗೆ ಮೊದಲ ಮಾತ್ರೆಯ ವಿಷಯ ಗೊತ್ತಿಲ್ಲದೇ ಇರಬಹುದು. ಹೋಗುವಾಗ ಖಾಲಿ ಸ್ಟ್ರಿಪ್ ಆದರೂ ಸರಿ, ಕೈಯಲ್ಲಿ ಹಿಡಿದುಕೊಂಡೇ ಹೋಗಿ.